ನಾಯಿಮರಿಗೆ ಮನೆಪಾಠ: ಬಂದ ದಿನದಿಂದ ಎಂಟು ತಿಂಗಳವರೆಗೆ

ನಮ್ಮ ಮನೆಗೆ ಮೂರನೇ ಮರಿ ಬರುವ ಹಿಂದಿನ ದಿನ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿದ್ದದ್ದು ಐದೇ ಮಾತು: ಕೂತ್ಕೊ, ಇಲ್ಬಾ, ಬಿಡು, ಇರು, ಮುಗಿಸು. ಚೀಟಿ ಮನೆಯವರಿಗಾಗಿ. ಮೊದಲ ನಾಯಿಯ ಕಾಲದಲ್ಲಿ ನಾನು 'ಸಿಟ್' ಅನ್ನುತ್ತಿದ್ದೆ, ಧಾರವಾಡದ ಅತ್ತೆ 'ಕುಂದ್ರು' ಅನ್ನುತ್ತಿದ್ದರು, ಮಗಳು 'ಕೂತ್ಕೊಳೋ ಚಿನ್ನಾ' ಎಂದು ರಾಗ ಎಳೆಯುತ್ತಿದ್ದಳು. ನಾಯಿ ಮೂವರ ಮುಖವನ್ನೂ ನೋಡಿ ಆಕಳಿಸುತ್ತಿತ್ತು. ಅದಕ್ಕೆ ನಿದ್ದೆ ಬಂದಿದೆ ಅಂದುಕೊಂಡಿದ್ದೆವು. ಏನು ಮಾಡಬೇಕೆಂದು ತೋಚದೆ ಗಲಿಬಿಲಿಯಾದಾಗಲೂ ನಾಯಿ ಆಕಳಿಸುತ್ತದೆ ಎಂದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಮಾತು ಯಾವ ಭಾಷೆಯದಾದರೂ ಆದೀತು, ಮನೆಮಂದಿಗೆಲ್ಲ ಒಂದೇ ಇರಬೇಕು. ಮರಿಯ ಹೆಸರು ಈ ಮಾತುಗಳಿಗೆ ಹತ್ತಿರವಾಗಿರಬಾರದು. ನಮ್ಮ ಬೀದಿಯಲ್ಲಿ 'ಬಿಟ್ಟು' ಎಂಬ ನಾಯಿಯಿದೆ. 'ಬಿಡು' ಅಂದರೆ ಸಾಕು, ಬಾಯಲ್ಲಿದ್ದ ಚಪ್ಪಲಿ ಸಮೇತ ಓಡಿ ಬರುತ್ತದೆ.

ಮರಿ ಏನನ್ನು ಕಲಿತರೂ ಒಂದೇ ಲೆಕ್ಕದಲ್ಲಿ ಕಲಿಯುತ್ತದೆ: ಇದನ್ನು ಮಾಡಿದಾಗ ನನಗೇನು ಸಿಕ್ಕಿತು? ನೀವು ಪಾಠ ಹೇಳಲು ಕೂತಾಗ ಮಾತ್ರವಲ್ಲ, ಟಿವಿ ನೋಡುತ್ತಾ ಕೂತಾಗಲೂ ಅದು ಈ ಲೆಕ್ಕ ಹಾಕುತ್ತಲೇ ಇರುತ್ತದೆ.

ತರುವ ಮುಂಚೆ

ಎಂಟು ವಾರ ತುಂಬದ ಮರಿಯನ್ನು ತರಬೇಡಿ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ಅಷ್ಟು ಚಿಕ್ಕ ಮರಿಯನ್ನು ಮಾರುವಂತೆಯೂ ಇಲ್ಲ. ಒಡಹುಟ್ಟಿದವುಗಳ ಜೊತೆ ಉರುಳಾಡುವಾಗಲೇ ಮರಿ ಎಷ್ಟು ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬ ಅಂದಾಜು ಕಲಿಯುತ್ತದೆ. ಆ ಪಾಠ ತಪ್ಪಿಸಿಕೊಂಡು ಬಂದ ಮರಿ ಅದನ್ನು ನಿಮ್ಮ ಕೈಬೆರಳಿನ ಮೇಲೆ ಕಲಿಯಬೇಕಾಗುತ್ತದೆ. ಬೀದಿಯಲ್ಲಿ ತಾಯಿ ಸತ್ತ ಮರಿಯಾದರೆ ಬೇರೆ ಮಾತು. ಅದನ್ನು ತಂದು ಸೀದಾ ಪಶುವೈದ್ಯರ ಹತ್ತಿರ ಹೋಗಿ.

ಮನೆಯೊಳಗೆ ನೆಲಕ್ಕೆ ಕೂತು, ಮರಿಯ ಎತ್ತರದಿಂದ ಸುತ್ತ ನೋಡಿ. ಬಾಗಿಲ ಪಕ್ಕ ಸಾಲಾಗಿ ಬಿಟ್ಟ ಚಪ್ಪಲಿ, ಚಾರ್ಜರಿನ ವೈರು, ಸೊಳ್ಳೆಬತ್ತಿ, ದೇವರ ಕೋಣೆಯ ಎಣ್ಣೆ ಬತ್ತಿ, ಮಂಚದ ಕೆಳಗಿನ ಜಿರಳೆ ಔಷಧಿ ಎಲ್ಲವೂ ಅದರ ಬಾಯಿಗೆ ಎಟುಕುತ್ತವೆ. ಚಪ್ಪಲಿಯನ್ನು ಮೇಲಿಡುವುದು ಚಪ್ಪಲಿ ಕಚ್ಚಬಾರದೆಂದು ಕಲಿಸುವುದಕ್ಕಿಂತ ಸಾವಿರ ಪಾಲು ಸುಲಭ. ಹಾಲಿಗೆ ಗ್ರಾನೈಟೋ ನುಣುಪು ಟೈಲ್ಸೋ ಹಾಕಿಸಿದ್ದರೆ ಮರಿ ಆಡುವ ಕಡೆ ಹಳೇ ಜಮಖಾನ ಹಾಸಿ. ಜಾರುವ ನೆಲದ ಮೇಲೆ ಕಾಲು ಅಗಲವಾಗಿ ಹೋಗುವ ಮರಿ ಸರಿಯಾಗಿ ಕೂರಲೂ ಹೆದರುತ್ತದೆ.

ಮೊದಲ ರಾತ್ರಿ

ಅಳುತ್ತದೆ. ಅಲ್ಲಿಯವರೆಗೆ ಒಂದು ರಾತ್ರಿಯೂ ಒಂಟಿಯಾಗಿ ಮಲಗಿರದ ಜೀವ ಅದು. ಅಡುಗೆಮನೆಯಲ್ಲಿ ಕೂಡಿ ಹಾಕಿ ಬಾಗಿಲು ಹಾಕಿಕೊಂಡರೆ ನೀವೂ ಮಲಗುವುದಿಲ್ಲ, ಪಕ್ಕದ ಮನೆಯವರೂ ಮಲಗುವುದಿಲ್ಲ. ಎತ್ತರದ ಅಂಚಿರುವ ರಟ್ಟಿನ ಡಬ್ಬಕ್ಕೆ ಹಳೇ ಬೆಡ್‌ಶೀಟು ಹಾಸಿ ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಡಿ. ಕುಂಯ್‌ಗುಟ್ಟಿದಾಗ ಕೈ ಇಳಿಬಿಟ್ಟು ಮುಟ್ಟಿದರೆ ಸಾಕು. 'ಅತ್ತರೆ ಎತ್ತಿಕೊಳ್ಳಬೇಡಿ, ಅಭ್ಯಾಸ ಆಗುತ್ತೆ' ಅನ್ನುವವರು ಬಹಳ ಮಂದಿ ಸಿಗುತ್ತಾರೆ. ಮೊದಲ ವಾರಕ್ಕೆ ಆ ಮಾತು ಬೇಡ. ಹತ್ತು–ಹದಿನೈದು ದಿನದ ಮೇಲೆ ಡಬ್ಬವನ್ನು ದಿನಕ್ಕೆ ಎರಡು ಅಡಿಯಂತೆ ಬಾಗಿಲ ಕಡೆ ಸರಿಸುತ್ತಾ ಹೋಗಿ.

ನಡುರಾತ್ರಿ ಇದ್ದಕ್ಕಿದ್ದಂತೆ ಎದ್ದು ಪರಚಾಡಿದರೆ ಉಚ್ಚೆಗೆ ಅವಸರ ಎಂದು ಅರ್ಥ. ಲೈಟು ಹಾಕದೆ, ಮುದ್ದು ಮಾಡದೆ, ಎತ್ತಿಕೊಂಡು ಹೋಗಿ ಮಾಡಿಸಿ ತಂದು ಮಲಗಿಸಿ. ರಾತ್ರಿ ಎರಡಕ್ಕೆ ಎದ್ದರೆ ಆಟ ಸಿಗುತ್ತದೆ ಎಂದು ತಿಳಿದರೆ ನಾಳೆಯೂ ಎರಡಕ್ಕೇ ಎಬ್ಬಿಸುತ್ತದೆ.

ಉಚ್ಚೆ, ಕಕ್ಕ

ಮರಿ ತಂದವರೆಲ್ಲ ಮೊದಲು ಕೇಳುವುದು ಇದನ್ನೇ, ಸೋಲುವುದೂ ಇಲ್ಲೇ. ನಾನೂ ಸೋತಿದ್ದೇನೆ. ಮೊದಲ ನಾಯಿಗೆ, ಯಾರೋ ಹಿರಿಯರು ಹೇಳಿದರೆಂದು, ಉಚ್ಚೆ ಮಾಡಿದ ಜಾಗಕ್ಕೆ ಮೂತಿ ತಿಕ್ಕಿ ಗದರಿದೆ. ಒಂದು ವಾರದಲ್ಲಿ ಹಾಲ್ ಒಣಗಿತು. ಗೆದ್ದೆ ಅಂದುಕೊಂಡೆ. ತಿಂಗಳು ಕಳೆದು ಸೋಫಾ ಸರಿಸಿದಾಗ ಹಿಂದಿನ ಗೋಡೆಯ ಬುಡವೆಲ್ಲ ಹಳದಿ ಕಟ್ಟಿತ್ತು. ಅದು ಕಲಿತದ್ದು 'ಈ ಮನುಷ್ಯನ ಕಣ್ಣಿಗೆ ಬೀಳುವಂತೆ ಮಾಡಬಾರದು' ಎಂಬುದನ್ನು ಮಾತ್ರ. ಹೊರಗೆ ಕರೆದೊಯ್ದರೂ ನನ್ನೆದುರು ಮಾಡುತ್ತಿರಲಿಲ್ಲ.

ಸರಿಯಾದ ಕ್ರಮ ಹೀಗಿದೆ. ಮರಿಗೆ ನಾಲ್ಕು ಹೊತ್ತಿನಲ್ಲಿ ಖಂಡಿತ ಬರುತ್ತದೆ: ನಿದ್ದೆಯಿಂದ ಎದ್ದ ಕೂಡಲೇ, ತಿಂದ ಹತ್ತಿಪ್ಪತ್ತು ನಿಮಿಷದೊಳಗೆ, ಆಟದ ನಡುವೆ ಅಥವಾ ಆದ ಕೂಡಲೇ, ಮಲಗುವ ಮುಂಚೆ. ಈ ನಾಲ್ಕೂ ಸಲ ನೀವೇ ಅದನ್ನು ಗೊತ್ತುಮಾಡಿದ ಜಾಗಕ್ಕೆ ಒಯ್ಯಬೇಕು. ಅದು ಬಿಟ್ಟು, ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂದು ಒಂದು ಅಂದಾಜಿದೆ. ಎರಡು ತಿಂಗಳದ್ದಕ್ಕೆ ಹೆಚ್ಚೆಂದರೆ ಮೂರು ಗಂಟೆ, ಅದೂ ಮಲಗಿದ್ದಾಗ. ಎಚ್ಚರವಿದ್ದು ಓಡಾಡುತ್ತಿದ್ದರೆ ಮುಕ್ಕಾಲು ಗಂಟೆಗೊಮ್ಮೆ ಒಯ್ದರೂ ತಪ್ಪಿಲ್ಲ.

ಜಾಗಕ್ಕೆ ಹೋದ ಮೇಲೆ ಕಂಬದಂತೆ ನಿಲ್ಲಿ. ಮಾತಾಡಬೇಡಿ, ಫೋನೂ ಬೇಡ. ಮೂಸುತ್ತಾ ಸುತ್ತು ಹಾಕುತ್ತದೆ, ಕೂರುತ್ತದೆ. ಆಗ ಮೆಲ್ಲಗೆ 'ಮುಗಿಸು' ಅನ್ನಿ. ಮುಗಿಯುತ್ತಿದ್ದಂತೆ ಅಲ್ಲೇ, ಒಂದೆರಡು ಸೆಕೆಂಡಿನೊಳಗೆ, ಜೇಬಿನಲ್ಲಿಟ್ಟುಕೊಂಡ ತಿನಿಸು ಕೊಡಿ. ಒಳಗೆ ಬಂದು ಡಬ್ಬ ತೆಗೆದು ಕೊಟ್ಟರೆ ಅದು 'ಒಳಗೆ ಬಂದಿದ್ದಕ್ಕೆ ಸಿಕ್ಕಿತು' ಎಂದು ಲೆಕ್ಕ ಬರೆದುಕೊಳ್ಳುತ್ತದೆ. ಇನ್ನೊಂದು ಮಾತು: ಮುಗಿದ ತಕ್ಷಣ ಒಳಗೆ ಎಳೆದುಕೊಂಡು ಬರಬೇಡಿ. ಐದು ನಿಮಿಷ ಹೊರಗೇ ಆಡಿಸಿ. ಇಲ್ಲದಿದ್ದರೆ ಹೊರಗೆ ಇರಬೇಕೆಂದರೆ ತಡೆದುಕೊಳ್ಳಬೇಕು ಎಂಬ ಉಪಾಯ ಅದಕ್ಕೆ ಹೊಳೆಯುತ್ತದೆ.

ಜಾಗ ಗೊತ್ತುಮಾಡುವಾಗ ತುಳಸಿಕಟ್ಟೆಯಿಂದ ದೂರವಿರಲಿ. ಅಜ್ಜಿಯ ಮಡಿ ಮತ್ತು ಮರಿಯ ಮೂತ್ರ ಒಂದೇ ಮೂಲೆಯಲ್ಲಿ ಸೇರಿದರೆ ಸೋಲುವುದು ಮರಿಯೇ. ಫ್ಲ್ಯಾಟಿನಲ್ಲಿರುವವರು ಬಾಲ್ಕನಿಯಲ್ಲಿ ಅಗಲ ಟ್ರೇಗೆ ಮಣ್ಣೋ ಹುಲ್ಲಿನ ಹಾಸೋ ಹಾಕಿ. ಮೊದಲ ಸಲ ಉಚ್ಚೆ ಒರೆಸಿದ ಬಟ್ಟೆಯ ಚೂರನ್ನು ಅದರ ಮೇಲಿಟ್ಟರೆ ವಾಸನೆಯೇ ದಾರಿ ತೋರಿಸುತ್ತದೆ. ನ್ಯೂಸ್‌ಪೇಪರ್ ಹಾಸಿ ರೂಢಿ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಸೊಪ್ಪು ಬಿಡಿಸಲು ಅಮ್ಮ ಹಾಸಿದ ಪೇಪರಿಗೂ ತನ್ನ ಪೇಪರಿಗೂ ವ್ಯತ್ಯಾಸ ಅದಕ್ಕೇನು ಗೊತ್ತು?

ಒಳಗೆ ಮಾಡುತ್ತಿರುವಾಗಲೇ ಕಂಡರೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಎತ್ತಿ ಹೊರಗೆ ಒಯ್ಯಿರಿ. ಆಗಿಹೋದದ್ದು ಕಂಡರೆ ಬಾಯಿ ಮುಚ್ಚಿಕೊಂಡು ಒರೆಸಿ, ಅಷ್ಟೆ. ಒರೆಸಲು ಫಿನಾಯಿಲ್ ಬೇಡ. ಅದರ ಘಾಟು ನಮ್ಮ ಮೂಗನ್ನು ಮೋಸ ಮಾಡುತ್ತದೆಯೇ ಹೊರತು ನಾಯಿಯ ಮೂಗನ್ನಲ್ಲ. ಒಣಗುವ ಮುಂಚೆ ನಡೆದಾಡಿ ಪಾದ ನೆಕ್ಕಿಕೊಂಡರೆ ಮರಿಗೆ ವಿಷವೂ ಹೌದು. ಬಟ್ಟೆಯಿಂದ ಹೀರಿಸಿ, ನೀರಿನಲ್ಲಿ ತೊಳೆದು, ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಸಾಕುಪ್ರಾಣಿಗಳಿಗೆಂದೇ ಬರುವ ಎನ್‌ಜೈಮ್ ದ್ರಾವಣ ಸಿಕ್ಕರೆ ಇನ್ನೂ ಒಳ್ಳೆಯದು. ಸರಿಹೋಗಿದ್ದ ಮರಿ ಇದ್ದಕ್ಕಿದ್ದಂತೆ ಹತ್ತು ನಿಮಿಷಕ್ಕೊಮ್ಮೆ ತೊಟ್ಟು ತೊಟ್ಟು ಮಾಡತೊಡಗಿದರೆ ಅದು ಹಟವಲ್ಲ, ಸೋಂಕಿರಬಹುದು, ಡಾಕ್ಟರಿಗೆ ತೋರಿಸಿ.

ಕಚ್ಚಾಟ

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಹಳಷ್ಟು ಮರಿಗಳಿಗೆ ಹುಚ್ಚು ಹಿಡಿದಂತಾಗುತ್ತದೆ. ಸೋಫಾದಿಂದ ಬಾಗಿಲಿಗೆ, ಬಾಗಿಲಿಂದ ನಿಮ್ಮ ಕಾಲಿಗೆ. ಸೀರೆ ಸೆರಗು, ಪಂಚೆ ಅಂಚು, ಮಕ್ಕಳ ಲಂಗ, ಅಲ್ಲಾಡುವ ಬಟ್ಟೆ ಏನು ಕಂಡರೂ ಹಲ್ಲು. ನಮ್ಮ ಮರಿ ಕೆಂಚ, ಅಪ್ಪನ ಪಂಚೆ ಹಿಡಿದಾಗ ಅಪ್ಪ 'ಹಚಾ, ಬಿಡೋ' ಎನ್ನುತ್ತಾ ಜಗ್ಗುತ್ತಿದ್ದರು. ಕೆಂಚನ ಪಾಲಿಗೆ ಅದು ಹಗ್ಗಜಗ್ಗಾಟ. ಎದುರಾಳಿ ಕೂಗಿದಷ್ಟೂ ಕಾವು. ಪಂಚೆ ಹಿಡಿದ ಕೂಡಲೇ ಜಗ್ಗದೆ ಕಲ್ಲಿನಂತೆ ನಿಲ್ಲಿ ಎಂದು ಅಪ್ಪನಿಗೆ ಹೇಳಿದೆವು. ಎದುರಾಳಿಯೇ ಇಲ್ಲದ ಮೇಲೆ ಆಟವೆಲ್ಲಿ? ನಾಲ್ಕು ಸೆಕೆಂಡಿಗೆ ಬಿಟ್ಟಿತು. ಬಿಟ್ಟ ಕೂಡಲೇ ಗಂಟು ಹಾಕಿದ ಹಳೇ ಟವಲು ಬಾಯಿಗೆ ಕೊಟ್ಟೆವು. ಅದನ್ನು ಎಷ್ಟು ಬೇಕಾದರೂ ಜಗ್ಗಲಿ.

ಕೈ ಕಚ್ಚಿದಾಗ 'ಅಯ್ಯೋ' ಎಂದು ಕಿರುಚಿ ಎಂಬ ಸಲಹೆಯಿದೆ. ಕೆಲವು ಮರಿಗಳು ಅದಕ್ಕೆ ಹಿಂಜರಿಯುತ್ತವೆ, ಕೆಲವು ಇನ್ನಷ್ಟು ಉಮೇದಿನಿಂದ ಕಚ್ಚುತ್ತವೆ. ನಿಮ್ಮದು ಎರಡನೆಯ ಜಾತಿಯಾದರೆ ಸದ್ದಿಲ್ಲದೆ ಎದ್ದು ಪಕ್ಕದ ಕೋಣೆಗೆ ಹೋಗಿ, ಅರ್ಧ ನಿಮಿಷ ಬಿಟ್ಟು ಬನ್ನಿ. ಹಲ್ಲು ತಾಗಿತೋ ಆಟ ಮುಗಿಯಿತು ಎಂಬುದು ಹತ್ತಿಪ್ಪತ್ತು ಸಲಕ್ಕೆ ತಲೆಗೆ ಹೋಗುತ್ತದೆ. ಮೂತಿಗೆ ಹೊಡೆಯುವುದು, ಬಾಯಿ ಅದುಮಿ ಹಿಡಿಯುವುದು ಬೇಡವೇ ಬೇಡ. ಮುಖದ ಹತ್ತಿರ ಬರುವ ಕೈ ಎಂದರೆ ಏಟು ಎಂದು ತಿಳಿದ ಮರಿ ನಾಳೆ ಅದನ್ನು ಮುದ್ದಿಸಲು ಬಗ್ಗಿದ ನೆಂಟರ ಮಗುವಿನ ಕೈಗೆ ಬಾಯಿ ಹಾಕುತ್ತದೆ.

ಸಂಜೆಯ ಹುಚ್ಚಿಗೆ ಅರ್ಧ ಕಾರಣ ನಿದ್ದೆಗೇಡು. ಎರಡು–ಮೂರು ತಿಂಗಳ ಮರಿ ದಿನಕ್ಕೆ 18 ಗಂಟೆಯಷ್ಟು ಮಲಗಬೇಕು. ಮನೆತುಂಬ ಜನ, ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡರೆ ಎಲ್ಲಿಯ ನಿದ್ದೆ? ಮಲಗಿದ ಮರಿಯನ್ನು ಯಾರೂ ಮುಟ್ಟಬಾರದು ಎಂಬ ಕಟ್ಟಪ್ಪಣೆ ಮಕ್ಕಳಿಗೆ ಮಾತ್ರವಲ್ಲ, ನೋಡಲು ಬಂದ ನೆಂಟರಿಗೂ ಅನ್ವಯ.

ಹಾಲುಹಲ್ಲು 28, ದೊಡ್ಡ ಹಲ್ಲು 42. ನಾಲ್ಕನೇ ತಿಂಗಳಿಂದ ಆರು–ಏಳರವರೆಗೆ ಒಂದು ಬಿದ್ದು ಇನ್ನೊಂದು ಮೊಳೆಯುವಾಗ ಒಸಡು ನವೆಯಾಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ ಫ್ರೀಜರಿನಲ್ಲಿಟ್ಟು ಕೊಡಿ, ತಣ್ಣಗಿನ ದಪ್ಪ ಕ್ಯಾರೆಟ್ ಕೊಡಿ, ಎದುರಿಗೆ ನೀವು ಕೂತಿರಿ. ಬೇಯಿಸಿದ ಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ನಾರು ಸಮೇತ ತೆಂಗಿನಕಾಯಿ ಕೊಡುವ ರೂಢಿಯೂ ಬೇಡ, ನುಂಗಿದ ನಾರು ಹೊಟ್ಟೆಯಲ್ಲಿ ಉಂಡೆಗಟ್ಟಬಹುದು.

ಮರಿ ತಾನೆ ಎಂದು ಉದಾಸೀನ ಮಾಡಬಾರದ ವಿಷಯ ಒಂದಿದೆ. ರೇಬೀಸ್ ಮರಿಗಳಿಗೂ ಬರುತ್ತದೆ. ಬೀದಿಯಿಂದ ತಂದ, ಲಸಿಕೆಯಾಗದ ಮರಿಯ ಹಲ್ಲೋ ಉಗುರೋ ತಾಗಿ ಚರ್ಮ ತರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಕೂತ್ಕೊ

ತಿನಿಸು ಯಾವುದು? ಉಪ್ಪು–ಖಾರವಿಲ್ಲದೆ ಬೇಯಿಸಿದ ಚಿಕನ್, ಮೊಟ್ಟೆ, ಪನೀರ್. ಚೂರು ಹೆಸರುಕಾಳಿಗಿಂತ ದೊಡ್ಡದಾಗಬಾರದು. ಮರಿಗೆ ಗಾತ್ರಕ್ಕಿಂತ ಎಷ್ಟು ಸಲ ಸಿಕ್ಕಿತು ಎಂಬುದೇ ಮುಖ್ಯ. ಸಸ್ಯಾಹಾರದ ಮನೆಯಲ್ಲಿ ಮಂಡಕ್ಕಿಯೂ ನಡೆಯುತ್ತದೆ, ಮನೆಯೊಳಗಿನ ಸುಲಭ ಪಾಠಕ್ಕೆ. ಸಿಹಿ ಬಿಸ್ಕತ್ತು ಬಿಡಿ.

ಚೂರನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಡಿದು ಮೂಗಿಗೆ ತಾಗಿಸುವಷ್ಟು ಹತ್ತಿರ ತನ್ನಿ. ಅಲ್ಲಿಂದ ನಿಧಾನವಾಗಿ ಎರಡು ಕಣ್ಣಿನ ನಡುವೆ ಹಾಯಿಸಿ ನೆತ್ತಿಯ ಕಡೆ ಒಯ್ಯಿರಿ. ಮೂಗು ಬೆರಳನ್ನು ಹಿಂಬಾಲಿಸುತ್ತದೆ, ತಲೆ ಮೇಲೇಳುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ತಾಗಿದ ಆ ಕ್ಷಣ 'ಶಭಾಷ್', ತಿನಿಸು. ಮರಿ ಜಿಗಿದರೆ ನಿಮ್ಮ ಕೈ ತೀರಾ ಮೇಲಿದೆ. ಹಿಂದೆ ಹಿಂದೆ ನಡೆದರೆ ಬೇಗ ಎಳೆದಿದ್ದೀರಿ. ಬೆನ್ನು ಅದುಮಿ ಕೂರಿಸಬೇಡಿ.

ಆರೇಳು ಸಲ ಆದ ಮೇಲೆ ಬೆರಳಲ್ಲಿ ತಿನಿಸಿಲ್ಲದೆ ಅದೇ ಕೈ ಆಡಿಸಿ, ಕೂತ ಮೇಲೆ ಇನ್ನೊಂದು ಕೈಯಿಂದ ಕೊಡಿ. ಮಾತು ಬರುವುದು ಇದಾದ ಮೇಲೆ. 'ಕೂತ್ಕೊ' ಎಂದು ಒಂದು ಸೆಕೆಂಡ್ ಬಿಟ್ಟು ಕೈ ಆಡಿಸಿ. ಮಾತೂ ಕೈಯೂ ಒಟ್ಟಿಗೆ ಬಂದರೆ ಅದು ಕೈಯನ್ನಷ್ಟೇ ನೋಡುತ್ತದೆ. ಒಂದೇ ಸಲ ಹೇಳಿ. 'ಕೂತ್ಕೊ, ಕೂತ್ಕೊ, ಏಯ್ ಕೂತ್ಕೊ' ಎಂದು ಜಪ ಮಾಡಿದರೆ ಮೂರನೆಯದಕ್ಕೆ ಕೂತರಾಯಿತು ಎಂದು ಕಲಿಯುತ್ತದೆ. ಒಂದು ಪಾಠಕ್ಕೆ ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ, ಊಟಕ್ಕೆ ಮುಂಚೆ. 'ಇರು' ಇದರದ್ದೇ ಮುಂದುವರಿಕೆ: ಕೂತ ಮೇಲೆ ತಿನಿಸು ಕೊಡುವುದನ್ನು ಒಂದು ಸೆಕೆಂಡ್, ಎರಡು, ಐದು ಎಂದು ತಡಮಾಡುತ್ತಾ ಹೋಗುವುದು.

ಬಾ

ಕನ್ನಡದ ಮನೆಯಲ್ಲಿ ಇದೇ ಕಷ್ಟದ ಮಾತು. ಬೆಳಗಿನಿಂದ ರಾತ್ರಿಯವರೆಗೆ ಲೆಕ್ಕ ಹಾಕಿ: ತಿಂಡಿಗೆ ಬಾ, ಬೇಗ ಬಾ, ಹಾಲು ತಗೊಂಡ್ ಬಾ, ಹೋಗ್ಬಿಟ್ ಬಾ. ಇದರಲ್ಲಿ ಒಂದೂ ಮರಿಗಲ್ಲ. ನೂರು ಸಲ ಕೇಳಿ ಏನೂ ಸಿಗದ ಸದ್ದನ್ನು ಅದು ಫ್ಯಾನಿನ ಸದ್ದಿನಂತೆ ಬದಿಗೆ ಸರಿಸುತ್ತದೆ. ಆಮೇಲೆ ಗೇಟು ತೆರೆದಿದ್ದ ದಿನ ರಸ್ತೆಯಲ್ಲಿ ನಿಂತು 'ಬಾ ಬಾ' ಎಂದು ಗಂಟಲು ಹರಿದುಕೊಂಡರೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ನಮ್ಮ ಚೀಟಿಯಲ್ಲಿ 'ಇಲ್ಬಾ' ಇದೆ, ಅದೂ 'ಇಲ್' ಅನ್ನು ಕೊಂಚ ಎಳೆದು. ಸಿಳ್ಳೆ ಬರುವವರಿಗೆ ಸಿಳ್ಳೆ ಇನ್ನೂ ಉತ್ತಮ.

ಇಬ್ಬರು ಕೋಣೆಯ ಎರಡು ತುದಿಗೆ ಕೂತು ಸರದಿಯಂತೆ ಕರೆಯಿರಿ. ಬಂದಾಗ ಮೊದಲು ಕೊರಳಪಟ್ಟಿ ಹಿಡಿದು, ಆಮೇಲೆ ತಿನಿಸು ಕೊಡಿ. ಇಲ್ಲದಿದ್ದರೆ ತಿನಿಸು ಕಸಿದು ಕೈಗೆ ಸಿಗದೆ ಓಡುವ ಕಲೆ ಕಲಿಯುತ್ತದೆ. ಕೋಣೆ ಆದ ಮೇಲೆ ಹಜಾರ, ಆಮೇಲೆ ಕಾಂಪೌಂಡ್, ಆಮೇಲೆ ಐದು ಮೀಟರ್ ಹತ್ತಿ ಹಗ್ಗ ಕಟ್ಟಿಕೊಂಡು ಬಯಲು. ಒಂದು ಹಂತದಲ್ಲಿ ಹತ್ತಕ್ಕೆ ಒಂಬತ್ತು ಸಲ ಬಂದ ಮೇಲೆಯೇ ಮುಂದಿನದು.

ಬೈಯಲು, ಸ್ನಾನಕ್ಕೆ, ಉಗುರು ಕತ್ತರಿಸಲು 'ಇಲ್ಬಾ' ಬಳಸಬೇಡಿ. ಅವಕ್ಕೆಲ್ಲ ನೀವೇ ಹೋಗಿ ಎತ್ತಿಕೊಂಡು ಬನ್ನಿ. ತಪ್ಪಿಸಿಕೊಂಡು ಓಡಿದರೆ ಅಟ್ಟಿಸಿಕೊಂಡು ಹೋಗಬೇಡಿ; ಕೂಗುತ್ತಾ ಎದುರು ದಿಕ್ಕಿಗೆ ಓಡಿ. ನೋಡುವವರು ನಗುತ್ತಾರೆ, ಮರಿ ಹಿಂದೆ ಬರುತ್ತದೆ. ಅರ್ಧ ಗಂಟೆ ಸತಾಯಿಸಿ ಬಂದರೂ ಹೊಡೆಯುವಂತಿಲ್ಲ, ತಿನಿಸೇ ಕೊಡಬೇಕು. ನಾಲಗೆ ಕಚ್ಚಿಕೊಂಡು ಕೊಡಿ.

ಬಿಡು

ಮುಷ್ಟಿಯಲ್ಲಿ ತಿನಿಸಿಟ್ಟು ಮೂಗಿನ ಮುಂದೆ ಹಿಡಿಯಿರಿ. ನೆಕ್ಕುತ್ತದೆ, ಪರಚುತ್ತದೆ, ಕಚ್ಚುತ್ತದೆ. ಸುಮ್ಮನಿರಿ. ಬೇಸತ್ತು ಮೂಗು ಹಿಂದಕ್ಕೆಳೆದ ಕ್ಷಣ 'ಶಭಾಷ್' ಎಂದು ಇನ್ನೊಂದು ಕೈಯಿಂದ ಬೇರೆ ತಿನಿಸು ಕೊಡಿ. ಮೂಗು ತಾನಾಗಿ ಹಿಂದೆ ಸರಿಯತೊಡಗಿದ ಮೇಲೆ 'ಬಿಡು' ಸೇರಿಸಿ. ಪಾಯಸದ ದ್ರಾಕ್ಷಿ, ಈರುಳ್ಳಿ ಹುಳಿ, ಚಾಕೊಲೇಟ್ ಮೂರೂ ನಾಯಿಗೆ ವಿಷ. ಕೈಜಾರಿ ಬಿದ್ದದ್ದನ್ನು ಮರಿಗಿಂತ ಮುಂಚೆ ನೀವು ಎತ್ತಲು ಈ ಒಂದು ಮಾತು ಬೇಕು. ಊಟಕ್ಕೆ ಕೂತಾಗ ದೋಸೆಯ ಅಂಚು ಮುರಿದು ಕೊಡುವ ತಾತನಿಗೆ ಯಾವ ಪಾಠವೂ ನಾಟುವುದಿಲ್ಲ. ಆ ಹೊತ್ತಿಗೆ ಮರಿಯನ್ನು ಬೇರೆ ಕೋಣೆಯಲ್ಲಿಡಿ.

ಹೊರಗಿನ ಲೋಕ

ಇಲ್ಲೊಂದು ಇಕ್ಕಟ್ಟಿದೆ. ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಕಂಡದ್ದನ್ನೆಲ್ಲ ಮರಿ 'ಇದು ನನ್ನ ಲೋಕದ್ದು' ಎಂದು ಸೇರಿಸಿಕೊಳ್ಳುತ್ತದೆ, ಆಮೇಲೆ ಹೊಸದೆಲ್ಲ ಅನುಮಾನ. ಮನುಷ್ಯರ ಸಂಪರ್ಕವೇ ಇಲ್ಲದೆ 14 ವಾರ ಬೆಳೆಸಿದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ಜನರಿಂದ ದೂರ ಓಡಿದ್ದನ್ನು ಅಮೆರಿಕದ ವಿಜ್ಞಾನಿಗಳು 1961ರಲ್ಲೇ ದಾಖಲಿಸಿದ್ದಾರೆ. ಆದರೆ ಆರರಿಂದ ಎಂಟನೇ ವಾರಕ್ಕೆ ಶುರುವಾಗುವ ಲಸಿಕೆಗಳ ಸರಣಿ ಮುಗಿಯುವುದು 16ನೇ ವಾರದ ಹೊತ್ತಿಗೆ, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅಷ್ಟರೊಳಗೆ ಬೀದಿ ಮಣ್ಣು ಮೂಸಿದರೆ ಪಾರ್ವೊ ಭಯ, ಅಂದರೆ ಮರಿಗಳ ಜೀವಕ್ಕೇ ಎರವಾಗುವ ವಾಂತಿ–ಭೇದಿಯ ರೋಗ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಬೀದಿಯ ನೆಲಕ್ಕೆ ಬಿಡದೆ ಲೋಕ ತೋರಿಸುವುದೇ ದಾರಿ. ಬೆಳಿಗ್ಗೆ ಶಾಲಾ ವ್ಯಾನ್ ಬರುವ ಹೊತ್ತಿಗೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಗೇಟಿನೊಳಗೆ ಕೂತುಕೊಳ್ಳಿ. ಹೆಲ್ಮೆಟ್ ತೊಟ್ಟ ಡೆಲಿವರಿ ಹುಡುಗ, ಕೋಲೂರಿದ ಅಜ್ಜ, ರೈನ್‌ಕೋಟು, ಗುಜರಿಯವನ ಮೈಕು, ಮದುವೆ ದಿಬ್ಬಣದ ತಮಟೆ, ಒಂದೊಂದಕ್ಕೂ ಒಂದು ಚೂರು ಚಿಕನ್. ಒಳಗೆ ಕುಕ್ಕರ್ ವಿಶಲ್ ಆದಾಗಲೂ ಹಾಗೇ. ಬಾಲ ಮಡಚಿ ಹಿಂದೆ ಸರಿದರೆ ಬಲವಂತ ಬೇಡ, ತಿನಿಸು ತಿನ್ನುವಷ್ಟು ದೂರಕ್ಕೆ ಹೋಗಿ. ಲಸಿಕೆಯಾದ, ಆರೋಗ್ಯವಾಗಿರುವ ಗೆಳೆಯರ ನಾಯಿಯ ಜೊತೆ ಮನೆಯೊಳಗೇ ಆಡಿಸಬಹುದು. ದೀಪಾವಳಿಗೆ ಎರಡು ತಿಂಗಳ ಮುಂಚಿನಿಂದ ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ, ಊಟದ ಹೊತ್ತಿನಲ್ಲಿ ಹಾಕಿ.

ಕೊರಳಪಟ್ಟಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಮೊದಲೆರಡು ದಿನ ಮನೆಯೊಳಗೇ ಹಾಕಿ. ನಡೆಸುವಾಗ ಅದು ಎಳೆದರೆ ನಿಂತುಬಿಡಿ, ಹಗ್ಗ ಸಡಿಲಾದರೆ ಹೆಜ್ಜೆ ಹಾಕಿ. ಮೊದಲ ವಾರ ಗೇಟಿನಿಂದ ಟ್ರಾನ್ಸ್‌ಫಾರ್ಮರ್ ಕಂಬದವರೆಗೆ ಹೋಗಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಬೇಸಿಗೆಯಲ್ಲಿ ಅಂಗೈ ಹಿಂಬದಿಯನ್ನು ರಸ್ತೆಗೆ ಏಳು ಸೆಕೆಂಡ್ ಒತ್ತಿ ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗದು.

ಒಂಟಿಯಾಗಿರುವುದು

ಎಲ್ಲರೂ ಕೆಲಸಕ್ಕೆ ಹೋಗುವ ಮನೆಯಾದರೆ ಮೊದಲ ವಾರದಿಂದಲೇ ಶುರುಮಾಡಿ. ತಿನ್ನಲು ಏನಾದರೂ ಕೊಟ್ಟು ಬಾಗಿಲಾಚೆ ಅರ್ಧ ನಿಮಿಷ, ಆಮೇಲೆ ಎರಡು, ಐದು, ಹದಿನೈದು. ಹೋಗುವಾಗ ಟಾಟಾ ಮಾಡುವುದು, ಬಂದಾಗ ಆರತಿ ಎತ್ತುವುದು ಬೇಡ. ಮೂರು ತಿಂಗಳ ಮರಿಯನ್ನು ಎಂಟು ಗಂಟೆ ಬೀಗ ಹಾಕಿ ಹೋಗುವುದೇ ಅನಿವಾರ್ಯವಾದರೆ ನಡುವೆ ಬಂದು ನೋಡಲು ಯಾರನ್ನಾದರೂ ಗೊತ್ತುಮಾಡಿಕೊಳ್ಳಿ. ಅದೂ ಆಗದಿದ್ದರೆ ಮರಿ ತರುವುದನ್ನು ಮುಂದಕ್ಕೆ ಹಾಕಿ.

ಆರು–ಎಂಟು ತಿಂಗಳಿಗೆ ಇನ್ನೊಂದು ಘಟ್ಟ ಬರುತ್ತದೆ. ಕಲಿತದ್ದೆಲ್ಲ ಮರೆತಂತೆ ಆಡುತ್ತದೆ. ಕೆಂಚ ಏಳನೇ ತಿಂಗಳಲ್ಲಿ 'ಇಲ್ಬಾ' ಅಂದರೆ ಒಮ್ಮೆ ತಿರುಗಿ ನೋಡಿ, ಚರಂಡಿಯನ್ನು ಮೂಸುವುದು ಮುಂದುವರಿಸುತ್ತಿದ್ದ. ಗಂಟಲು ಏರಿಸಲಿಲ್ಲ. ಮೊಳೆಗೆ ನೇತುಹಾಕಿದ್ದ ಐದು ಮೀಟರ್ ಹಗ್ಗ ಕೆಳಗಿಳಿಯಿತು, ಮಂಡಕ್ಕಿಯ ಬದಲು ಮತ್ತೆ ಚಿಕನ್ ಬಂತು, ಪಾಠ ಹಾಲ್‌ನ ಎರಡು ತುದಿಯಿಂದ ಮತ್ತೆ ಶುರುವಾಯಿತು.